ಆ್ಯಪ್ ಹೋದ್ರೂ ಲೆಕ್ಕ ಉಳೀಬೇಕು

ನಮ್ಮ ಗೋವಿಂದನಹಳ್ಳಿ ಕಡೆ ಕಬ್ಬಿನ ಲೆಕ್ಕವನ್ನ ಫೋನಲ್ಲೇ ಬರೆಯೋರು ಈಗ ಇದ್ದಾರೆ. ನಾನು ಬಳಸ್ತಿದ್ದ ಒಂದು ಆ್ಯಪ್ ಹೇಳದೆ ಕೇಳದೆ ನಿಂತುಹೋಯ್ತು. ನಾಟಿ ದಿನ, ಗೊಬ್ಬರ, ಕಡಿದ ಟನ್ನು, ಎರಡು ಬೆಳೆಯ ಲೆಕ್ಕ ಅದರ ಜೊತೆಗೇ ಹೋಯ್ತು. ಕೂಳೆ ಬಿಡೋದೋ, ಕಿತ್ತು ಹೊಸದಾಗಿ ನಾಟಿ ಮಾಡೋದೋ ಅಂತ ತೀರ್ಮಾನಿಸೋಕೆ ಬೇಕಾಗಿದ್ದೇ ಆ ಲೆಕ್ಕ.

ಈಗ ಆರ್ಗ್ ಮೋಡ್ ಹಿಡಿದಿದ್ದೀನಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ತಮ್ಮ ಟಿಪ್ಪಣಿಗಳಿಗಾಗಿ ಶುರು ಮಾಡಿದ್ದು. ಕಂಪ್ಯೂಟರಲ್ಲಿ ಈಮ್ಯಾಕ್ಸ್ ಅನ್ನೋ ತಂತ್ರಾಂಶದೊಳಗೆ ನಡೆಯುತ್ತೆ, ದುಡ್ಡು ಕೊಡಬೇಕಿಲ್ಲ. ಸಾಲಿನ ಮೊದಲಿಗೆ ಒಂದು ನಕ್ಷತ್ರ ಹಾಕಿದ್ರೆ ಗದ್ದೆ ಹೆಸರು, ಎರಡು ಹಾಕಿದ್ರೆ ಆ ಗದ್ದೆಯ ಕೆಲಸ. ದಿನಾಂಕ ಹಾಕಿಟ್ರೆ ವಾರದ ಕೆಲಸದ ಪಟ್ಟಿ ಅದೇ ಮಾಡಿಕೊಡುತ್ತೆ. ಖರ್ಚಿನ ಪಟ್ಟಿಗೆ ಸೂತ್ರ ಕೊಟ್ರೆ ಮೊತ್ತವನ್ನೂ ಕೂಡುತ್ತೆ.

ಇದರ ಕೋಡ್ ಎಲ್ಲರಿಗೂ ತೆರೆದಿದೆ. ಬಳಸೋರು ತಪ್ಪು ತೋರಿಸಿ, ತಿದ್ದಿ ಕಳಿಸಿ ಬೆಳೆಸಿದ್ದಾರೆ. ಡೊಮಿನಿಕ್ ಹೊಣೆ ಬಿಟ್ಟ ಮೇಲೆ ಬಾಸ್ಟಿಯನ್ ಗೆರಿ ಹೊತ್ತರು. ಕಾಲುವೆ ಹೂಳು ತೆಗೆದಂಗೆ, ಒಬ್ಬರು ಗುದ್ದಲಿ ಇಟ್ರೆ ಇನ್ನೊಬ್ಬರು ಎತ್ಕೋತಾರೆ.

ನಾಳೆ ಅದೂ ನಿಂತ್ರೆ? ಫೈಲಲ್ಲಿರೋದು ಬರೀ ಯುನಿಕೋಡ್ ಕನ್ನಡ ಅಕ್ಷರ. ಬೇರೆ ಫೋನಲ್ಲೂ ಓದಬಹುದು, ಪ್ರಿಂಟ್ ತೆಗೀಬಹುದು.

ಈಮ್ಯಾಕ್ಸ್ ಕೈಗೆ ಹತ್ತೋಕೆ ತಿಂಗಳುಗಟ್ಟಲೆ ಬೇಕು, ಸುಳ್ಳು ಹೇಳಲ್ಲ. ಅಷ್ಟು ಪುರುಸೊತ್ತಿಲ್ಲ ಅಂದ್ರೆ ಫೋನಲ್ಲೇ ಒಂದು ಸಾದಾ ಟೆಕ್ಸ್ಟ್ ಫೈಲ್ ಸಾಕು, ಅದರದೊಂದು ಪ್ರತಿ ಮನೆಯವರ ಫೋನಲ್ಲೂ ಇರಲಿ. ಯಾವ ಆ್ಯಪ್ ಹಾಕ್ಕೊಂಡ್ರೂ ಮೊದಲು ಇದೊಂದು ಕೇಳಿ: ನಾನು ಬರೆದಿದ್ದನ್ನ ಹೊರಗೆ ತೆಗೀಬಹುದಾ?