ಕಲ್ಲಂಗಡಿ ಗಾಡಿಯ ಎರಡು ಪಯಣ

ಷಿಕಾಗೋ ನಗರದ ಓಣಿಗಳ ಕಲ್ಲುಹಾಸಿನ ಮೇಲೆ ಉರುಳುತ್ತಿದ್ದ ಕಲ್ಲಂಗಡಿ ಹಣ್ಣಿನ ಗಾಡಿಯ ಸದ್ದು, ಗಾಡಿಯವನನ್ನು ಕೂಗಿ ಕರೆಯುತ್ತಿದ್ದ ಹೆಂಗಸರ ದನಿ – ಇವೆರಡೂ ಆಫ್ರಿಕನ್ ಅಮೆರಿಕನ್ ಬಾಲಕನೊಬ್ಬನ ಕಿವಿಯಲ್ಲಿ ಉಳಿದು, ಮುಂದೆ ‘ವಾಟರ್‌ಮೆಲನ್ ಮ್ಯಾನ್’ ಎಂಬ ಕೃತಿಯಾದುವು. ಆ ಬಾಲಕನೇ ಹರ್ಬಿ ಹ್ಯಾನ್‌ಕಾಕ್. 1962ರಲ್ಲಿ ತಮ್ಮ ಮೊದಲ ಆಲ್ಬಮ್‌ನಲ್ಲಿ ಅವರು ಅದನ್ನು ಪಿಯಾನೊದ ಮೇಲೆ ನುಡಿಸಿದರು. 1973ರಲ್ಲಿ ಅದೇ ಕೃತಿಯನ್ನು ವಿದ್ಯುತ್ ವಾದ್ಯಗಳೊಡನೆ ಬೇರೆಯೇ ರೂಪದಲ್ಲಿ ಮತ್ತೆ ಮುದ್ರಿಸಿದರು. ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದವರಿಗೆ ಒಂದೇ ಬೇರಿನಿಂದ ಎರಡು ಮರ ಎದ್ದಂತೆ ತೋರುತ್ತದೆ.

1940ರಲ್ಲಿ ಹುಟ್ಟಿದ ಹ್ಯಾನ್‌ಕಾಕ್ ಹನ್ನೊಂದನೆಯ ವಯಸ್ಸಿನಲ್ಲೇ ಷಿಕಾಗೋ ಸಿಂಫನಿ ವಾದ್ಯವೃಂದದೊಡನೆ ಮೊಟ್ಸಾರ್ಟನ ಪಿಯಾನೊ ಕೃತಿಯನ್ನು ನುಡಿಸಿದವರು. ಕಾಲೇಜಿಗೆ ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ಕಲಿಯಲು. ಅಲ್ಲಿಂದ ಸಂಗೀತಕ್ಕೆ ಹೊರಳಿದರು. ಯಂತ್ರದ ಒಡಲೊಳಗೆ ಇಣುಕುವ ಕುತೂಹಲ ಮಾತ್ರ ಅವರನ್ನು ಬಿಡಲಿಲ್ಲ. 1963ರಿಂದ ಐದು ವರ್ಷ ತುತ್ತೂರಿವಾದಕ ಮೈಲ್ಸ್ ಡೇವಿಸ್ ಅವರ ಪಂಚವಾದ್ಯ ತಂಡದಲ್ಲಿದ್ದರು. ಅವರ ಕೈಗೆ ವಿದ್ಯುತ್ ಪಿಯಾನೊ ಒಪ್ಪಿಸಿದವರು ಡೇವಿಸ್. ಅನಂತರ ಅವರು ಕಟ್ಟಿದ ಸ್ವಂತ ತಂಡದ ಸದಸ್ಯರು ಸ್ವಾಹಿಲಿ ಭಾಷೆಯ ಹೆಸರುಗಳನ್ನು ಇಟ್ಟುಕೊಂಡರು. ಹ್ಯಾನ್‌ಕಾಕ್ ‘ಮ್ವಾಂಡಿಶಿ’ ಆದರು. ಬರೆಯುವವನು ಎಂದು ಅದರ ಅರ್ಥ. ಗುಲಾಮಗಿರಿಯಲ್ಲಿ ಪೂರ್ವಿಕರ ಹೆಸರುಗಳನ್ನೇ ಕಳೆದುಕೊಂಡ ಜನಕ್ಕೆ ಹೆಸರೊಂದನ್ನು ಆರಿಸಿಕೊಳ್ಳುವುದು ಅಲಂಕಾರದ ಮಾತಲ್ಲ. ಆ ತಂಡದ ಸಂಗೀತ ಸಾಹಸದ್ದಾಗಿತ್ತು, ಆದರೆ ಖರ್ಚಿಗೆ ತಕ್ಕ ವರಮಾನ ಬರಲಿಲ್ಲ. 1973ರಲ್ಲಿ ತಂಡ ಚದುರಿತು.

ಅದೇ ವರ್ಷ ಬಂದ ‘ಹೆಡ್ ಹಂಟರ್ಸ್’ ಆಲ್ಬಮ್ ಫಂಕ್ ಎಂಬ ಕುಣಿತದ ಲಯವನ್ನು ಜಾಝ್‌ನ ಮನೋಧರ್ಮಕ್ಕೆ ಬೆಸೆಯಿತು. ತಂಡದಲ್ಲಿ ಗಿಟಾರ್ ಇಲ್ಲ. ಅದರ ಕೆಲಸವನ್ನು ಕ್ಲಾವಿನೆಟ್ ಮಾಡುತ್ತದೆ: ಕೀಲಿಯನ್ನು ಒತ್ತಿದಾಗ ಒಳಗಿನ ತಂತಿ ಮಿಡಿಯುತ್ತದೆ, ಆ ಕಂಪನವನ್ನು ವಿದ್ಯುತ್ತು ದೊಡ್ಡದು ಮಾಡುತ್ತದೆ. ‘ಕಮೀಲಿಯನ್’ ಎಂಬ ಮೊದಲ ಕೃತಿ 15 ನಿಮಿಷಕ್ಕೂ ದೀರ್ಘವಾದದ್ದು. ಅದರ ಮಂದ್ರದ ಪಲ್ಲವಿಯನ್ನು ಹ್ಯಾನ್‌ಕಾಕ್ ಸಿಂಥಸೈಜರಿನಲ್ಲಿ ತಾವೇ ನುಡಿಸಿದ್ದಾರೆ. ಕೆಲವೇ ಸ್ವರಗಳ ಆ ಪಲ್ಲವಿ ಮರಳಿ ಮರಳಿ ಬರುತ್ತದೆ. ಅದರ ಮೇಲೆ ಒಂದೊಂದೇ ವಾದ್ಯ ಬಂದು ಕೂರುತ್ತದೆ. ಜಾಝ್‌ನ ಶುದ್ಧಿಯನ್ನು ಕಾಯುತ್ತಿದ್ದವರು ಇದು ಮಾರುಕಟ್ಟೆಗೆ ಮಣಿದ ಸಂಗೀತವೆಂದರು. ಜನ ಕೊಂಡು ಕೇಳಿದರು. ಮುಂದೆ ಆಲ್ಬಮ್‌ಗೆ ಹತ್ತು ಲಕ್ಷ ಪ್ರತಿಗಳ ಗುರುತಾದ ಪ್ಲಾಟಿನಮ್ ಮನ್ನಣೆಯೂ ದೊರಕಿತು.

ಶುದ್ಧಿಯ ಈ ವಾದ ನನಗೆ ಅಪರಿಚಿತವಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ನನ್ನ ಮಗಳು ಭಜನೆಗೆ ಹಾರ್ಮೋನಿಯಂ ನುಡಿಸುತ್ತಾಳೆ. ವಿದ್ಯುತ್ ಕೀಬೋರ್ಡ್ ಬೇಕೆಂದು ಅವಳು ಕೇಳಿದ ದಿನ ಅವಳ ಅಜ್ಜ, “ಹಾಗಾದರೆ ಇದ್ದದ್ದೂ ಹೋಯಿತು” ಎಂದರು. ಗಡಿನಾಡಿನ ಮನೆಯಲ್ಲಿ ಈ ಮಾತಿಗೆ ಸಂಗೀತವನ್ನು ಮೀರಿದ ಭಾರವಿದೆ. ಬೀದಿಯಲ್ಲಿ ಮಲಯಾಳ, ಪರದೆಯ ಮೇಲೆ ಇಂಗ್ಲಿಷು. ಕನ್ನಡ ಉಳಿದಿರುವುದು ಶಾಲೆಯ ಕೋಣೆಯಲ್ಲಿ ಮತ್ತು ಅಡುಗೆಮನೆಯಲ್ಲಿ. ಹೊಸತೊಂದು ಹೊಸ್ತಿಲು ದಾಟಿ ಬಂದಾಗಲೆಲ್ಲ, ಹಳತೊಂದು ಹಿತ್ತಿಲ ಬಾಗಿಲಿನಿಂದ ಹೊರಟಿತೇ ಎಂದು ನಾವು ತಿರುಗಿ ನೋಡುತ್ತೇವೆ. ಮಾವನವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ‘ಇದ್ದದ್ದು’ ಇರುವುದು ಪೆಟ್ಟಿಗೆಯಲ್ಲೋ ಕಿವಿಯಲ್ಲೋ ಎಂಬ ಪ್ರಶ್ನೆ ಉಳಿಯುತ್ತದೆ. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಭಜನೆ ಅದನ್ನು ತನ್ನದಾಗಿಸಿಕೊಂಡಿತು. ಯಕ್ಷಗಾನದ ಶ್ರುತಿ ಇಂದು ವಿದ್ಯುತ್ ಪೆಟ್ಟಿಗೆಯಿಂದ ಬರುತ್ತದೆ. ಭಾಗವತರ ಪದ ಅದರಿಂದ ಪರಭಾಷೆಯದಾಗಲಿಲ್ಲ. ಮಗಳಿಗೆ ಕೀಬೋರ್ಡ್ ಕೊಡಿಸಿದೆವು, ಭಜನೆ ತಪ್ಪಬಾರದೆಂಬ ಮಾತಿನ ಮೇಲೆ.

1973ರ ‘ವಾಟರ್‌ಮೆಲನ್ ಮ್ಯಾನ್’ ಅನ್ನು ನಾನು ಮತ್ತೆ ಮತ್ತೆ ಕೇಳುವುದು ಅದರ ಆರಂಭಕ್ಕಾಗಿ. ಡ್ರಮ್ ವಾದಕ ಹಾರ್ವೆ ಮೇಸನ್ ಅದಕ್ಕೆ ಹೊಸ ವಿನ್ಯಾಸ ಕೊಟ್ಟರು, ನಡೆ ನಿಧಾನವಾಯಿತು. ಯಾವ ಯಂತ್ರವೂ ಬಾಯಿ ತೆರೆಯುವ ಮುನ್ನ ಅಲ್ಲಿ ಕೇಳುವುದು ಮನುಷ್ಯನ ಉಸಿರು. ತಾಳವಾದ್ಯಗಳ ಬಿಲ್ ಸಮ್ಮರ್ಸ್ ಬಿಯರ್ ಸೀಸೆಯೊಂದರ ಬಾಯಿಗೆ ಊದುತ್ತಾರೆ. ಊದಿನ ಸ್ವರ, ಕೊರಳಿನ ಸ್ವರ ಒಂದಾದ ಮೇಲೊಂದು ಹೆಣೆದುಕೊಳ್ಳುತ್ತವೆ. ಇದರ ಮೂಲ ಮಧ್ಯ ಆಫ್ರಿಕದ ಕಾಡಿನ ಬಾ-ಬೆಂಜೆಲೆ ಜನರ ‘ಹಿಂಡೆವು’. ಒಂದೇ ಸ್ವರ ಹೊರಡಿಸುವ ಪಪ್ಪಾಯಿ ದಂಟಿನ ಸೀಟಿಯನ್ನು ಊದುತ್ತ, ನಡುನಡುವೆ ಹಾಡುತ್ತ ಒಬ್ಬನೇ ಇಬ್ಬರಾಗುವ ಕಲೆ ಅದು. ಸಿಮ್ಹಾ ಅರೊಮ್ ಎಂಬ ಸಂಗೀತ ವಿದ್ವಾಂಸರು ಕಾಡಿಗೆ ಹೋಗಿ ಮುದ್ರಿಸಿ, 1966ರಲ್ಲಿ ಹೊರತಂದ ಧ್ವನಿಮುದ್ರಿಕೆಯಿಂದ ಅದು ಹೊರಜಗತ್ತಿಗೆ ಕೇಳಿಸಿತು. ಪಪ್ಪಾಯಿ ದಂಟನ್ನು ಕೊಯ್ದು ಪೀಪಿ ಊದದ ಮಕ್ಕಳು ನಮ್ಮ ತೋಟಗಳಲ್ಲಿ ಕಡಮೆ. ಆ ಕಾಡಿನ ಮಗುವೂ ನಮ್ಮ ಮಗುವೂ ಒಂದೇ ದಂಟಿಗೆ ತುಟಿಯಿಟ್ಟವರೆಂದು ತಿಳಿದಾಗ ನನಗೆ ದೂರದ ಆ ಸಂಗೀತ ಹಿತ್ತಿಲಿಗೆ ಬಂದಂತಾಯಿತು.

ಇಲ್ಲಿಯೇ ಒಂದು ತೊಡಕೂ ಇದೆ. ಕಾಡಿನ ಜನರಿಗೆ ಆ ಆಲ್ಬಮ್‌ನಿಂದ ಹೆಸರೂ ಬರಲಿಲ್ಲ, ಹಣವೂ ಬರಲಿಲ್ಲ. ಸ್ಟೀವನ್ ಫೆಲ್ಡ್ ಎಂಬ ವಿದ್ವಾಂಸರು 1996ರ ಲೇಖನವೊಂದರಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದರು. ಆಫ್ರಿಕದಿಂದ ಕಿತ್ತು ಒಯ್ಯಲ್ಪಟ್ಟವರ ಸಂತತಿ ಆಫ್ರಿಕದ ದನಿಯನ್ನು ಎತ್ತಿಕೊಂಡರೆ ಅದು ಸೋದರರ ನಡುವಣ ಮಾತು ಎಂಬ ಸಮಾಧಾನ ಉಂಟು. ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಸೋದರರ ನಡುವೆಯೂ ಲೆಕ್ಕವೊಂದಿರುತ್ತದೆ. 1994ರಲ್ಲಿ ಮಡೋನಾ ಅವರ ಹಾಡೊಂದು ಹ್ಯಾನ್‌ಕಾಕ್ ಆಲ್ಬಮ್‌ನ ಆ ಆರಂಭವನ್ನೇ ಬಳಸಿಕೊಂಡಿತು. ಎರಡನೆಯ ಕೈ ದಾಟುವಾಗ ದನಿಯ ತವರು ಇನ್ನಷ್ಟು ಮಸುಕಾಯಿತು.

ಸಣ್ಣ ನುಡಿಯ ಜನರಾದ ನಮಗೆ ಈ ಲೆಕ್ಕದ ಎರಡು ಬದಿಗಳೂ ಗೊತ್ತಿರಬೇಕು. ನೆರೆಯವರಿಂದ ನಾವು ದಿನವೂ ಪಡೆಯುತ್ತೇವೆ. ನಮ್ಮಿಂದ ಹೋದದ್ದಕ್ಕೆ ನಮ್ಮ ಹೆಸರು ಇರಲೆಂದು ಬಯಸುತ್ತೇವೆ. ಆದುದರಿಂದ ಮಕ್ಕಳಿಗೆ ಆ ಕೃತಿಯನ್ನು ಕೇಳಿಸುವವರು ಹ್ಯಾನ್‌ಕಾಕ್ ಅವರ ಹೆಸರಿನ ಜತೆಗೆ ಬಾ-ಬೆಂಜೆಲೆ ಎಂಬ ಹೆಸರನ್ನೂ ಹೇಳಲಿ. ಹೊಸ ವಾದ್ಯವನ್ನು ಹಿಡಿಯಲು ಅಂಜಬೇಕಾಗಿಲ್ಲ. ಯಾರ ಉಸಿರನ್ನು ಅದಕ್ಕೆ ತುಂಬುತ್ತಿದ್ದೇವೆ ಎಂಬ ನೆನಪು ಇದ್ದರೆ ಸಾಕು.