ನುಡಿಸುವ ಕೈ, ಕಲಿಸುವ ಕೈ

ಸಂಗೀತವಿದ್ಯೆಯನ್ನು ನಂಬಿದವರಿಗೆ ಜೀವನಕ್ಕಿರುವ ಮುಖ್ಯವಾದ ದಾರಿಗಳು ಎರಡು. ಸಭೆಯಲ್ಲಿ ಹಾಡುವುದು, ನುಡಿಸುವುದು ಒಂದು; ಮಕ್ಕಳಿಗೆ ಪಾಠ ಹೇಳುವುದು ಮತ್ತೊಂದು. ಮೊದಲನೆಯದಕ್ಕೆ ಹಾರತುರಾಯಿಗಳುಂಟು, ಪತ್ರಿಕೆಗಳಲ್ಲಿ ಹೊಗಳಿಕೆಯುಂಟು. ಎರಡನೆಯದಕ್ಕೆ ತಿಂಗಳಿಗೊಮ್ಮೆ ಸಂಬಳವುಂಟು, ಅದೂ ಕೆಲವು ಮನೆಗಳಲ್ಲಿ ಎರಡು ಸಲ ನೆನಪುಮಾಡಿದ ಮೇಲೆ. ಸಭೆ ದೊರೆಯದವರು ಪಾಠಕ್ಕೆ ನಿಲ್ಲುತ್ತಾರೆಂಬ ಭಾವನೆ ಗೃಹಸ್ಥರಾದ ನಮ್ಮಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ನ್ಯಾಯವೆಂದು ವಿಚಾರಮಾಡುವಾಗ ಫ್ರಾನ್ಸ್ ದೇಶದ ಒಬ್ಬ ಹೆಣ್ಣುಮಗಳ ಚರಿತ್ರೆ ನಮ್ಮ ಕಣ್ಣಮುಂದೆ ಬರುತ್ತದೆ. ಆಕೆಯ ಹೆಸರು ಆನ್ರಿಯೆತ್ ರೆನಿಯೆ. ಆಕೆಯ ವಾದ್ಯ ಹಾರ್ಪು.

ಹಾರ್ಪನ್ನು ನಮ್ಮಲ್ಲಿ ಅನೇಕರು ಚಿತ್ರಗಳಲ್ಲಿ ಮಾತ್ರ ಕಂಡಿರಬಹುದು. ಸಮುದ್ರಗುಪ್ತನ ನಾಣ್ಯದಲ್ಲಿ ಆ ಚಕ್ರವರ್ತಿಯ ತೊಡೆಯ ಮೇಲಿರುವ ವೀಣೆಯು ಬಿಲ್ಲಿನಂತೆ ಬಾಗಿರುವುದನ್ನು ನೋಡಿದರೆ ಈ ಜಾತಿಯ ವಾದ್ಯ ನಮ್ಮ ಪೂರ್ವಿಕರಿಗೂ ಪರಿಚಿತವಾಗಿತ್ತೆಂದು ತಿಳಿಯುತ್ತದೆ. ಯುರೋಪಿನ ಈಗಿನ ದೊಡ್ಡ ಹಾರ್ಪಿನಲ್ಲಿ 47 ತಂತಿಗಳು. ವಾದ್ಯವನ್ನು ಬಲಭುಜಕ್ಕೆ ಒರಗಿಸಿಕೊಂಡು, ಕಿರುಬೆರಳನ್ನು ಬಿಟ್ಟು, ಎರಡು ಕೈಗಳ ಉಳಿದ ಎಂಟು ಬೆರಳುಗಳಿಂದ ಮೀಟುತ್ತಾರೆ. ಬುಡದಲ್ಲಿ ಸಪ್ತಸ್ವರಗಳಿಗೆ ಒಂದೊಂದರಂತೆ ಏಳು ಪೆಡಲುಗಳು. ಒಂದೊಂದಕ್ಕೂ ಮೂರು ನೆಲೆಗಳು. ಕಾಲಿನಿಂದ ಪೆಡಲನ್ನು ಒಂದು ನೆಲೆ ಕೆಳಕ್ಕೆ ಅದುಮಿದರೆ ಆ ಸ್ವರದ ತಂತಿಗಳೆಲ್ಲ ಅರ್ಧಸ್ವರ ಏರುತ್ತವೆ. ಈ ಏರ್ಪಾಡನ್ನು ಸೆಬಾಸ್ತಿಯನ್ ಎರಾರ್ ಎಂಬ ಫ್ರೆಂಚ್ ಕುಶಲಿಯು 1810ರಲ್ಲಿ ಸಿದ್ಧಪಡಿಸಿದನು. ಕೈಯೂ ಕಾಲೂ ಏಕಕಾಲದಲ್ಲಿ ದುಡಿಯಬೇಕಾದ ಇಂತಹ ವಾದ್ಯವು ಗುರುಮುಖವಿಲ್ಲದೆ ಬರುವುದು ಬಹಳ ಕಷ್ಟ.

ರೆನಿಯೆ 1875ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದಳು. ಬಾಲ್ಯದಲ್ಲಿಯೇ ಆಲ್ಫಾನ್ಸ್ ಹಾಸೆಲ್ಮಾನ್ಸರ ವಾದನವನ್ನು ಕೇಳಿ, ಇವರೇ ನನ್ನ ಗುರುಗಳಾಗಬೇಕೆಂದು ನಿಶ್ಚಯಿಸಿದಳಂತೆ. ಹಾರ್ಪನ್ನು ಹಿಡಿದಾಗ ಆಕೆಯ ಕಾಲುಗಳು ಪೆಡಲುಗಳನ್ನು ಮುಟ್ಟುತ್ತಿರಲಿಲ್ಲ. ತಂದೆ ಅವುಗಳಿಗೆ ಬೇರೊಂದು ಜೋಡಣೆ ಮಾಡಿಕೊಟ್ಟರು. ಹನ್ನೊಂದನೆಯ ವಯಸ್ಸಿನಲ್ಲಿ, 1887ರಲ್ಲಿ, ಪ್ಯಾರಿಸಿನ ಕನ್ಸರ್ವೇಟರಿ ಎಂಬ ಸರಕಾರೀ ಸಂಗೀತ ವಿದ್ಯಾಲಯದ ಪ್ರಥಮ ಬಹುಮಾನವು ಆಕೆಗೆ ಬಂದಿತು. ಕೆಲವು ದಿನಗಳೊಳಗಾಗಿ ತನಗಿಂತ ಹಿರಿಯರೇ ಶಿಷ್ಯರಾಗಿ ಬರತೊಡಗಿದರು. 1901ರಲ್ಲಿ ತಾನೇ ರಚಿಸಿದ ಕನ್ಸರ್ಟೋ ಒಂದನ್ನು ಲಾಮುರೋ ವಾದ್ಯವೃಂದದೊಡನೆ ನುಡಿಸಿ ಕೀರ್ತಿಯನ್ನು ಗಳಿಸಿದಳು. ಹಾರ್ಪು ವೃಂದದ ಮೂಲೆಯಲ್ಲಿ ಅಲಂಕಾರಕ್ಕಾಗಿ ಮಾತ್ರವಲ್ಲ, ಮುಂದೆ ಬಂದು ತಾನೇ ಸಭೆಯನ್ನು ಆಳಬಲ್ಲ ವಾದ್ಯವೆಂಬುದನ್ನು ತೋರಿಸಿಕೊಟ್ಟವರಲ್ಲಿ ಆಕೆ ಅಗ್ರಗಣ್ಯಳು.

1912ರಲ್ಲಿ ಗುರುಗಳಾದ ಹಾಸೆಲ್ಮಾನ್ಸರು ತೀರಿಕೊಂಡರು. ಅವರ ಪೀಠಕ್ಕೆ ರೆನಿಯೆಯೇ ಬರುವಳೆಂದು ನಿರೀಕ್ಷಿಸಿದವರು ಬಹುಮಂದಿ. ಆದರೆ ಆ ಹುದ್ದೆ ಮಾರ್ಸೆಲ್ ತೂರ್ನಿಯೆ ಎಂಬವರಿಗೆ ದೊರೆಯಿತು. ರೆನಿಯೆ ಕ್ಯಾಥೊಲಿಕ್ ಧರ್ಮದಲ್ಲಿ ದೃಢವಾದ ನಿಷ್ಠೆಯುಳ್ಳವಳು. ಅದು ಅಂದಿನ ಸರಕಾರದವರಿಗೆ ಸರಿಬರಲಿಲ್ಲವೆಂದು ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ತೂರ್ನಿಯೆಯವರೂ ಯೋಗ್ಯರಾದ ವಿದ್ವಾಂಸರೇ. ಅವರಲ್ಲಿ ದೋಷವೆಣಿಸುವುದು ತರವಲ್ಲ. ಆದರೂ ಅರ್ಹತೆಯಿದ್ದು ಬಾಗಿಲು ಮುಚ್ಚಿದಾಗ ಮನುಷ್ಯರು ಏನು ಮಾಡುತ್ತಾರೆಂಬುದು ನಾವು ಗಮನಿಸತಕ್ಕ ವಿಷಯ. ಕೆಲವರು ಕೊರಗುತ್ತಾರೆ, ಕೆಲವರು ವಿದ್ಯೆಯನ್ನೇ ತೊರೆಯುತ್ತಾರೆ. ರೆನಿಯೆಯು ತನ್ನ ಮನೆಯನ್ನೇ ವಿದ್ಯಾಲಯ ಮಾಡಿಕೊಂಡಳು.

ಆ ಮನೆಯ ಪಾಠದ ಫಲವೇನೆಂಬುದು ಅದಕ್ಕೆ ಮೊದಲೇ ಕಾಣತೊಡಗಿತ್ತು. ಎಂಟು ವಯಸ್ಸಿನ ಬಾಲಕನಾಗಿ ಆಕೆಯ ಬಳಿಗೆ ಬಂದ ಮಾರ್ಸೆಲ್ ಗ್ರಾಂಜನಿಯು 1905ರಲ್ಲಿ ಅದೇ ಪ್ರಥಮ ಬಹುಮಾನವನ್ನು ಪಡೆದನು. ಮುಂದೆ ಅಮೆರಿಕೆಗೆ ಹೋಗಿ 1938ರಿಂದ ನ್ಯೂಯಾರ್ಕಿನ ಜೂಲಿಯಾರ್ಡ್ ವಿದ್ಯಾಲಯದಲ್ಲಿ ಅನೇಕ ವರ್ಷ ಪಾಠ ಹೇಳಿದನು. ಅಮೆರಿಕೆಯಿಂದ ಬಂದು ಆಕೆಯಲ್ಲಿ ಕಲಿತ ಮಿಲ್ಡ್ರೆಡ್ ಡಿಲ್ಲಿಂಗ್ ಎಂಬಾಕೆ ಚಲಚ್ಚಿತ್ರದ ಪ್ರಸಿದ್ಧ ವಿದೂಷಕ ಹಾರ್ಪೋ ಮಾರ್ಕ್ಸನಿಗೆ ಗುರುವಾದಳು. ಬೆರಳನ್ನು ತಂತಿಯ ಮೇಲೆ ಹೇಗಿಡಬೇಕು, ಮೀಟಿದೊಡನೆ ಅದನ್ನು ಅಂಗೈಯ ಕಡೆಗೆ ಹೇಗೆ ಮಡಿಸಬೇಕು, ಮುಂದಿನ ಬೆರಳು ಮೊದಲೇ ಹೇಗೆ ಸಿದ್ಧವಾಗಿರಬೇಕು, ಇವೇ ಮೊದಲಾದ ಸೂಕ್ಷ್ಮಗಳನ್ನೆಲ್ಲ ಸೇರಿಸಿ ಆಕೆ ಬರೆದ ಬೋಧನಗ್ರಂಥವು 1946ರಲ್ಲಿ ಪ್ರಕಟವಾಯಿತು. 1954ರಲ್ಲಿ ಫ್ರೆಂಚ್ ಸರಕಾರದವರು ಲೀಜಿಯನ್ ಆಫ್ ಆನರ್ ಎಂಬ ಗೌರವವನ್ನು ಕೊಟ್ಟರು. ಎರಡು ವರ್ಷಗಳ ತರುವಾಯ, 1956ರಲ್ಲಿ, ಆಕೆ ಕಾಲವಾದಳು.

ಹಾರ್ಪಿನ ತಂತಿಯನ್ನು ಮೀಟಿದ ಕ್ಷಣದಿಂದಲೇ ನಾದವು ಇಳಿಯತೊಡಗುತ್ತದೆ; ಪಿಟೀಲಿನಲ್ಲಿ ಕಮಾನಿನಿಂದ ಎಳೆದು ಉಳಿಸುವಂತೆ ಇಲ್ಲಿ ಉಳಿಸಲಾಗದು. ಸಭೆಯ ಕೀರ್ತಿಯೂ ಬಹುಮಟ್ಟಿಗೆ ಅಂತಹುದೇ. ರೆನಿಯೆಯ ವಾದನದಲ್ಲಿ ಇಂದು ನಮಗೆ ಉಳಿದಿರುವುದು ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ದೊರೆಯುವಷ್ಟು ಮಾತ್ರ. ಆದರೆ ಆಕೆ ತಿದ್ದಿದ ಕೈಗಳು ಬೇರೆ ಕೈಗಳನ್ನು ತಿದ್ದಿದವು, ಅವು ಮತ್ತೆ ಬೇರೆ ಕೈಗಳನ್ನು. ಪೀಠವನ್ನು ಕೊಡದೆ ಇರುವುದು ಸರಕಾರದ ಕೈಯಲ್ಲಿತ್ತು. ಈ ಪರಂಪರೆಯನ್ನು ತಡೆಯುವುದು ಯಾರ ಕೈಯಲ್ಲಿಯೂ ಇರಲಿಲ್ಲ.

ಆದುದರಿಂದ ಸಂಗೀತದ ಮೇಷ್ಟರಾಗಲಿ ಅಮ್ಮನವರಾಗಲಿ ನಮ್ಮ ಮನೆಯ ಮೆಟ್ಟಲೇರಿ ಬಂದಾಗ, ಸಭೆ ಸಿಕ್ಕದೆ ಬಂದವರೆಂದು ಎಣಿಸದಿರೋಣ. ಚಾಪೆಯನ್ನು ಮೊದಲೇ ಹಾಸಿರಲಿ. ಪಾಠದ ಹೊತ್ತಿಗೆ ಮಗು ಬೇರೆ ಕೆಲಸಕ್ಕೆ ಹೋಗದಿರಲಿ. ಸಂಬಳವು ಕೇಳುವ ಮುನ್ನ ಅವರ ಕೈಸೇರಲಿ. ನಮ್ಮ ಮಗುವಿನ ಬೆರಳಿಗೆ ಅವರು ಕೊಡುತ್ತಿರುವುದು ಅವರ ಗುರುಗಳಿಂದ ಬಂದದ್ದು, ಮುಂದೆ ನಾವು ಕಾಣದವರಿಗೆ ಸಲ್ಲತಕ್ಕದ್ದು.