ಹಳೆಯ ಕಾರಿನ ಲೆಕ್ಕ

ಗಂಗಾವತಿಯಲ್ಲಿ ನಮ್ಮ ಹಿರಿಯಣ್ಣನವರ ಅಕ್ಕಿ ಗಿರಣಿಯಿದೆ. ಗಿರಣಿಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷಗಳಿಂದ ಒಂದು ಜರ್ಮನ್ ಕಾರು ನಿಲ್ಲುತ್ತ ಬಂದಿದೆ. 2006ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೋಂದಣಿಯಾದ ಆ ಐಷಾರಾಮಿ ಕಾರನ್ನು ಅಣ್ಣ 2012ರಲ್ಲಿ ಹೊಸದರ ಬೆಲೆಯ ಕಾಲು ಭಾಗಕ್ಕೆ ಕೊಂಡು ತಂದಿದ್ದರು. ಈ ಜನವರಿಯ ಒಂದು ಶುಕ್ರವಾರ ನಾವು ಕೊಪ್ಪಳದಿಂದ ಅವರ ಮನೆಗೆ ಹೋಗಿದ್ದೆವು. ಊಟ ಮುಗಿದು ದಸ್ತರ್‌ಖಾನ್ ಮಡಿಚುವ ಹೊತ್ತಿಗೆ ಅಣ್ಣ ಕೇಳಿದರು: “ನೀನು ಮದ್ರಸದಲ್ಲಿ ಓದಿದವನು, ಮಕ್ಕಳಿಗೆ ಕಲಿಸುವವನು. ಹೇಳು, ಈ ಗಾಡಿಯನ್ನು ಇಟ್ಟುಕೊಳ್ಳುವುದೋ, ಕೊಟ್ಟು ಹೊಸದು ತರುವುದೋ?”

ಪ್ರಶ್ನೆ ಆಗಲೇ ಏಳಲು ಮೂರು ಕಾರಣಗಳಿದ್ದವು. ಮಾರ್ಚಿನಲ್ಲಿ ಕಾರಿನ ನೋಂದಣಿಯ ಅವಧಿ ಮುಗಿಯುತ್ತದೆ. ಶವ್ವಾಲ್ ತಿಂಗಳಿನಲ್ಲಿ ಅಣ್ಣನ ಮಗಳ ನಿಕಾಹ್ ಇದೆ. ಬೀಗರ ಕಡೆಯವರೊಬ್ಬರು ಆ ಹಳೆಯ ಗಾಡಿಯನ್ನು ನೋಡಿ ಮುಗುಳ್ನಕ್ಕಿದ್ದರು. ಮೂರನೆಯದು, ಕಾರಿನ ಫಲಕದ ಮೇಲೆ ಹೊತ್ತಿಕೊಂಡ ಒಂದು ಎಚ್ಚರಿಕೆಯ ದೀಪ. ಆ ಕಾಲದ ಕೆಲವು ವಿದೇಶಿ ಕಾರುಗಳಲ್ಲಿ ಬ್ರೇಕಿನ ಒತ್ತಡವನ್ನು ವಿದ್ಯುತ್ ಪಂಪಿನ ಒಂದು ಘಟಕ ಒದಗಿಸುತ್ತದೆ. ಚಾಲಕನು ಎಷ್ಟು ಸಲ ಬ್ರೇಕ್ ಒತ್ತಿದನೆಂಬುದನ್ನು ಆ ಘಟಕ ಎಣಿಸುತ್ತ ಹೋಗುತ್ತದೆ. ನಿಗದಿತ ಸಂಖ್ಯೆ ತುಂಬಿದ ದಿನ ತನ್ನ ಆಯುಷ್ಯ ಮುಗಿಯಿತೆಂದು ತಾನೇ ದೀಪ ಹೊತ್ತಿಸಿ ಹೇಳುತ್ತದೆ. ಹುಬ್ಬಳ್ಳಿಯ ಮಿಸ್ತ್ರಿ ಇದನ್ನು ವಿವರಿಸಿದಾಗ ನಮ್ಮ ಮನಸ್ಸು ಹೆಗಲ ಮೇಲಿನ ಬರಹಗಾರ ಮಲಕುಗಳ ಕಡೆಗೆ ಹೋಯಿತು. ನಾವು ಎಣಿಸದೆ ಮರೆತದ್ದನ್ನೂ ಎಣಿಸುವವರಿದ್ದಾರೆ.

ಇಂತಹ ಪ್ರಶ್ನೆಗೆ ಧರ್ಮ ಬಲ್ಲವರು ಕೊಡುವ ಉತ್ತರ ಸಿದ್ಧವಾಗಿಯೇ ಇರುತ್ತದೆಂದು ಜನ ಭಾವಿಸುತ್ತಾರೆ: ಮಾರಿಬಿಡಿ, ಚಿಕ್ಕದೊಂದು ಕೊಳ್ಳಿರಿ, ಸರಳವಾಗಿರಿ. ಆದರೆ ಇಸ್ಲಾಮಿನ ಮಾತು ಅಷ್ಟು ಏಕಮುಖವಾಗಿಲ್ಲ. ಸೂರಃ ಅನ್ನಹ್ಲ್‌ನ 8ನೆಯ ವಚನವು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗಾಗಿ ಮಾತ್ರವಲ್ಲ, ಶೋಭೆಗಾಗಿಯೂ ಸೃಷ್ಟಿಸಲಾಗಿದೆ ಎಂದು ತಿಳಿಸುತ್ತದೆ. ಮನುಷ್ಯನ ಸೌಭಾಗ್ಯಗಳ ಸಾಲಿನಲ್ಲಿ ಪ್ರವಾದಿ(ಸ)ರವರು ಒಳ್ಳೆಯ ನೆರೆಯವನ ಜೊತೆಗೆ ಹಿತಕರವಾದ ವಾಹನವನ್ನೂ ಸೇರಿಸಿದ್ದಾರೆ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಬಯಸುವುದು ಅಹಂಕಾರವೇ ಎಂದು ಕೇಳಿದವರಿಗೆ, ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದೇ ಅಹಂಕಾರವೆಂದು ಅವರು ತಿಳಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಇನ್ನೊಂದು ಕಡೆ, ಸೂರಃ ಅಲ್ ಫುರ್ಕಾನ್‌ನ 67ನೆಯ ವಚನ ದುಂದುಗಾರಿಕೆ ಮತ್ತು ಜಿಪುಣತನಗಳ ನಡುವೆ ನಡೆಯುವವರನ್ನು ಪ್ರಶಂಸಿಸುತ್ತದೆ. ಆದುದರಿಂದ ಕಾರು ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಮೊದಲು, ಅದು ನಮ್ಮನ್ನು ಏನು ಮಾಡುತ್ತಿದೆ ಎಂಬುದನ್ನು ನೋಡಬೇಕಾಗುತ್ತದೆ.

ಈ ಕಾರು ಮನೆಗೆ ಬಂದಾಗ ನಮ್ಮ ತಂದೆಯವರು ಅದನ್ನು ಹತ್ತಲಿಲ್ಲ. ಹಮಾಲಿ ಮಾಡಿ ಮಕ್ಕಳನ್ನು ಸಾಕಿದ ಅವರು, “ಚೀಲ ಹೊತ್ತ ಬೆನ್ನಿಗೆ ಈ ಮೆತ್ತೆ ಒಗ್ಗುವುದಿಲ್ಲ” ಎಂದು ಹೇಳಿ ತಮ್ಮ ಹಳೆಯ ಲೂನಾದಲ್ಲಿಯೇ ಮಸೀದಿಗೆ ಹೋಗುತ್ತಿದ್ದರು. ಎರಡು ವರ್ಷಗಳ ಬಳಿಕ, ಮಳೆಗಾಲದ ಒಂದು ರಾತ್ರಿ, ಗಿರಣಿಯ ಹಮಾಲನೊಬ್ಬನ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಕೂಡಲೇ ಕೊಪ್ಪಳಕ್ಕೆ ಕರೆದೊಯ್ಯಿರಿ ಎಂದರು ವೈದ್ಯರು. ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಅಣ್ಣ ಹಿಂದಿನ ಆಸನದಲ್ಲಿ ಆಕೆಯನ್ನು ಮಲಗಿಸಿ ಕರೆದೊಯ್ದರು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಆಸನದ ಮೇಲೆ ಉಳಿದ ಕಲೆ ಇಂದಿಗೂ ಹೋಗಿಲ್ಲ. ಮರುದಿನ ಫಜ್ರ್ ನಮಾಝಿಗೆ ತಂದೆಯವರು ಮೊದಲ ಬಾರಿಗೆ ಆ ಕಾರು ಹತ್ತಿದರು. ಕೇಳಿದವರಿಗೆ ಬಾಗಿಲು ಮುಚ್ಚಬಾರದು ಎಂಬುದು ಅವರು ವಿಧಿಸಿದ ಒಂದೇ ಷರತ್ತು. ಆಮೇಲೆ ಆ ಕಾರು ಕುಷ್ಟಗಿಯ ನಮ್ಮ ಅಕ್ಕನ ಮನೆಯ ಸಾವಿಗೂ ಓಡಿದೆ, ಯಲಬುರ್ಗಾದ ಮದುವೆಗಳಿಗೂ ಓಡಿದೆ, ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಎಷ್ಟು ಸಲ ಹೋಗಿ ಬಂದಿದೆಯೋ ಲೆಕ್ಕವಿಟ್ಟವರಿಲ್ಲ.

ಇಷ್ಟು ಬರೆದ ಮೇಲೆ ನಮ್ಮದೇ ಒಂದು ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ಯಲಬುರ್ಗಾದಲ್ಲಿ ಸರಳ ಜೀವನದ ಕುರಿತು ಮಾತನಾಡಲು ನಮ್ಮನ್ನು ಕರೆದಿದ್ದರು. ಬಸ್ಸಿನಲ್ಲಿ ಹೋಗಬಹುದಿತ್ತು. ಅಣ್ಣನ ಕಾರನ್ನು ಕೇಳಿ ಪಡೆದೆವು. ಸಾಲದ್ದಕ್ಕೆ ಜನ ಸೇರಿದ್ದ ಪೆಂಡಾಲಿನ ಬಾಗಿಲಲ್ಲೇ ಇಳಿಸುವಂತೆ ಚಾಲಕನಿಗೆ ಹೇಳಿದೆವು. ಕಾರ್ಯಕ್ರಮ ಮುಗಿದ ಮೇಲೆ ವೃದ್ಧರೊಬ್ಬರು ಕೈಕುಲುಕಿ, “ಮೌಲಾನಾ ಸಾಹೇಬರೇ, ಭಾಷಣ ಚೆನ್ನಾಗಿತ್ತು, ಗಾಡಿಯೂ ಚೆನ್ನಾಗಿದೆ” ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಹಮಾಲನ ಹೆಂಡತಿಯನ್ನು ಹೊತ್ತು ಓಡಿದ ಅದೇ ಆಸನದಲ್ಲಿ ಕುಳಿತು ನಾವು ಜನರ ಕಣ್ಣುಗಳನ್ನು ಹುಡುಕಿದ್ದೆವು.

ನಮ್ಮ ಕೊಪ್ಪಳ ಸೀಮೆ 1948ರವರೆಗೆ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ಇಂದಿಗೂ ಇಟ್ಟಿದ್ದಾರೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಕಾಲದಲ್ಲಿ ಅದನ್ನು ಮಾಡಲು ಹೇಳಲಾಗಿತ್ತು; ಅವರು 1911ರಲ್ಲಿ ತೀರಿಕೊಂಡರು. 1912ರ ಆ ಕಾರು ಅವರ ಮಗ ಮೀರ್ ಉಸ್ಮಾನ್ ಅಲಿ ಖಾನರ ಪಾಲಿಗೆ ಬಂತು. ಹಿಂಬದಿಯಲ್ಲಿ ಸಿಂಹಾಸನದಂಥ ಆಸನವಿದೆ. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತನೆಂದು ಮುಖಪುಟದಲ್ಲಿ ಚಿತ್ರ ಹಾಕಿದ್ದು ಇದೇ ಉಸ್ಮಾನ್ ಅಲಿ ಖಾನರದು. ಆದರೆ ಆ ಕಾರು ತನ್ನ ಇಡೀ ಆಯುಷ್ಯದಲ್ಲಿ ಓಡಿದ್ದು ನಾನೂರು ಮೈಲಿಗಿಂತಲೂ ಕಡಿಮೆ. ಅದರ ಮುಂದೆ ನಿಂತವರಿಗೆ ಬೆರಗಾಗುತ್ತದೆ. ಆದರೆ ಯಾರ ಯಾವ ಸಂಕಟಕ್ಕೆ ಅದರ ಬಾಗಿಲು ತೆರೆದಿತ್ತು ಎಂದು ಕೇಳಿದರೆ ಉತ್ತರವಿಲ್ಲ. ವಾಹನವನ್ನು ಹೊಸದಾಗಿ ಇಟ್ಟುಕೊಳ್ಳುವುದೇ ಗುರಿಯಾದರೆ ಅತ್ಯಂತ ಸುಲಭವಾದ ದಾರಿ ಅದನ್ನು ಓಡಿಸದಿರುವುದು.

ಆ ಶುಕ್ರವಾರ ಅಸರ್ ನಮಾಝಿನ ನಂತರ ನಾವಿಬ್ಬರೂ ಲೆಕ್ಕದ ಪುಸ್ತಕ ತೆರೆದು ಕುಳಿತೆವು. ಅದೇ ದರ್ಜೆಯ ಹೊಸ ಕಾರಿಗೆ ಇಂದು 60 ಲಕ್ಷ ರೂಪಾಯಿ ಮೀರುತ್ತದೆ. ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗನ ಆಸೆ ಒಂದು ದೊಡ್ಡ ಎಸ್‌ಯುವಿಯ ಮೇಲಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಸೆಸ್ ಹೋಗಿ ಶೇ. 40ರ ಜಿಎಸ್‌ಟಿ ಮಾತ್ರ ಉಳಿದುದರಿಂದ ಬೆಲೆ ಇಳಿದಿದೆ ಎಂಬುದು ಅವನ ವಾದ. ಆದರೂ 20 ಲಕ್ಷ ಮೀರಿದ ಕಾರಿಗೆ ನಮ್ಮ ರಾಜ್ಯದ ಆಜೀವ ತೆರಿಗೆ ಶೇ. 18ರಷ್ಟಾಗುತ್ತದೆ. ಎಲ್ಲ ಸೇರಿ 24 ಲಕ್ಷ. ಅಣ್ಣನವರಲ್ಲಿ ಕೂಡಿಟ್ಟದ್ದು 14 ಲಕ್ಷ. ಉಳಿದ 10 ಲಕ್ಷಕ್ಕೆ ಸಾಲ. ಶೇ. 9ರ ದರದಲ್ಲಿ ಐದು ವರ್ಷಕ್ಕೆ ಬಡ್ಡಿಯೇ ಸುಮಾರು 2 ಲಕ್ಷ 45 ಸಾವಿರವಾಗುತ್ತದೆ. ಹಣದ ನಷ್ಟ ಒಂದು ಕಡೆ ಇರಲಿ. ಸೂರಃ ಅಲ್ ಬಕರಃದ 275ನೆಯ ವಚನದಲ್ಲಿ ವ್ಯಾಪಾರವನ್ನು ಅನುಮತಿಸಿ ಬಡ್ಡಿಯನ್ನು ನಿಷೇಧಿಸಿರುವುದನ್ನು ಪ್ರತಿ ವರ್ಷ ಮಕ್ಕಳಿಗೆ ಕಲಿಸುವ ನಾವು, ಮದುವೆ ಮನೆಯ ಮುಂದೆ ನಿಲ್ಲಿಸುವ ಕಾರಿಗಾಗಿ ಅದನ್ನು ಅನಿವಾರ್ಯವೆಂದು ಹೇಗೆ ಹೇಳಲಿ?

ಅದೂ ಈ ವರ್ಷ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ನಮ್ಮ ಭಾಗದ ಯಾರೂ ಮರೆತಿಲ್ಲ. ಗೇಟುಗಳನ್ನು ಬದಲಾಯಿಸುವ ಕೆಲಸಕ್ಕಾಗಿ ಈ ಸಲ ಎಡದಂಡೆ ಕಾಲುವೆಯಲ್ಲಿ ಎರಡನೆಯ ಬೆಳೆಗೆ ನೀರಿಲ್ಲ. ಭತ್ತವಿಲ್ಲದಿದ್ದರೆ ಗಿರಣಿಗೆ ಕೆಲಸವಿಲ್ಲ. ಗಿರಣಿ ನಿಂತರೆ ಹಮಾಲರಿಗೆ ಕೂಲಿಯಿಲ್ಲ.

ಆ ಗೇಟಿನ ನೆನಪು ಅಣ್ಣನವರಿಗೆ ಇನ್ನೊಂದು ಕಾರಣಕ್ಕೂ ಇತ್ತು. “ಹಳೆಯದು ಇನ್ನೂ ನಡೆಯುತ್ತದೆ ಎನ್ನುತ್ತಲೇ ಇರುತ್ತೇವೆ, ಒಂದು ರಾತ್ರಿ ಸರಪಳಿ ಹರಿಯುತ್ತದೆ” ಎಂದರು. ಅವರ ಮಾತು ಸರಿ. ಬ್ರೇಕು ನಂಬಲಾಗದ ಕಾರಿನಲ್ಲಿ ಇತರರನ್ನು ಕೂರಿಸುವುದು ಸರಳತೆಯಲ್ಲ, ಜೀವಗಳ ವಿಷಯದಲ್ಲಿ ಉಪೇಕ್ಷೆ. ಇಟ್ಟುಕೊಳ್ಳುವುದಾದರೆ ಬ್ರೇಕಿನ ಘಟಕವನ್ನು ಬದಲಿಸಲೇಬೇಕು. ಶೇ. 20 ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ತಾಳದ ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಬೇಕು. ಮಿಸ್ತ್ರಿ ಹೇಳಿದ ಖರ್ಚು 2 ಲಕ್ಷ 25 ಸಾವಿರ. ಇಪ್ಪತ್ತು ವರ್ಷ ಮೀರಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಲು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದೆ.

ಮರುದಿನ ಬೆಳಿಗ್ಗೆ ಒಬ್ಬ ದಲ್ಲಾಳಿ ಬಂದ. ಕಾರನ್ನು ಸುತ್ತಿ ನೋಡಿ, ಮೂರು ಲಕ್ಷಕ್ಕೆ ಗಿರಾಕಿ ಇದ್ದಾನೆ ಎಂದ. ದೀಪದ ಬಗ್ಗೆ ಹೇಳಿದಾಗ ನಕ್ಕ: “ಸಾವುಕಾರ್ರೇ, ಘಟಕ ಯಾಕೆ ಬದಲಿಸುತ್ತೀರಿ? ನನ್ನ ಹುಡುಗನ ಹತ್ತಿರ ಒಂದು ಯಂತ್ರ ಇದೆ. ಎಣಿಕೆಯನ್ನು ಸೊನ್ನೆ ಮಾಡಿದರೆ ದೀಪ ತಾನೇ ಆರುತ್ತದೆ. ನಾಲ್ಕು ಸಾವಿರ ಕೊಟ್ಟರೆ ಸಾಕು. ಕೊಳ್ಳುವವನು ಬೀದರ ಕಡೆಯವನು, ತಿರುಗಿ ಬರುವುದಿಲ್ಲ.”

ಆ ಕ್ಷಣ ಯಾರೂ ಮಾತನಾಡಲಿಲ್ಲ. ಅಣ್ಣ ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು. ಮೂರು ಲಕ್ಷ ಬಂದರೆ ಸಾಲ ಏಳು ಲಕ್ಷಕ್ಕೆ ಇಳಿಯುತ್ತದೆಂದು ನಮ್ಮ ಮನಸ್ಸು ಆಗಲೇ ಕಳೆಯುವ ಲೆಕ್ಕ ಮಾಡಿ ಮುಗಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬಾಗಿಲ ಬಳಿ ನಿಂತಿದ್ದ ಅಣ್ಣನ ಮಗ ಒಮ್ಮೆ ತಂದೆಯ ಮುಖವನ್ನೂ ಒಮ್ಮೆ ನಮ್ಮ ಮುಖವನ್ನೂ ನೋಡುತ್ತಿದ್ದ.

ಕೊನೆಗೆ ಮಾತನಾಡಿದವರು ಮದ್ರಸದಲ್ಲಿ ಓದಿದ ನಾವಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟ ಅಣ್ಣ. “ನೋಡಪ್ಪಾ, ಮೂವತ್ತು ವರ್ಷದಿಂದ ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ ಒಳಗಿನ ಕಾಳು ತೆಗೆದು ನೋಡುತ್ತಿದ್ದೇನೆ. ಮೇಲೆ ಒಣಗಿದ ಭತ್ತ ಹಾಕಿ ಕೆಳಗೆ ಹಸಿ ತುಂಬಿದವನನ್ನು ಮತ್ತೆ ಗಿರಣಿಯೊಳಗೆ ಬಿಟ್ಟಿಲ್ಲ. ಈಗ ಅದೇ ಕೆಲಸ ನಾನು ಮಾಡಲೇ?” ಎಂದರು. ದಲ್ಲಾಳಿ ಚಹಾ ಕುಡಿದು ಹೊರಟುಹೋದ.

ಅಣ್ಣನವರಿಗೆ ಹದೀಸ್ ಗ್ರಂಥಗಳ ಪರಿಚಯ ಅಷ್ಟಿಲ್ಲ. ಆದರೆ ಅವರು ಹೇಳಿದ್ದು ಸಹೀಹ್ ಮುಸ್ಲಿಮ್‌ನ ಪ್ರಸಿದ್ಧ ಪ್ರಸಂಗವನ್ನೇ. ಪ್ರವಾದಿ(ಸ)ರವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಗಂಗಾವತಿಯಂತಹ ಭತ್ತದ ಊರಿನಲ್ಲಿ ಈ ಹದೀಸ್‌ಗೆ ವ್ಯಾಖ್ಯಾನ ಬೇಕಿಲ್ಲ. ಆರಿಸಿದ ದೀಪವೂ ಮುಚ್ಚಿಟ್ಟ ತೇವವೇ. ವ್ಯತ್ಯಾಸವಿಷ್ಟೆ: ಹಸಿ ಭತ್ತದಿಂದ ಹಣ ಹೋಗುತ್ತದೆ, ಹಿಡಿಯದ ಬ್ರೇಕಿನಿಂದ ಜೀವವೇ ಹೋಗಬಹುದು.

ಆಮೇಲೆ ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಘಟಕವನ್ನೂ ಪೈಪುಗಳನ್ನೂ ಬದಲಿಸಿ ಕಾರನ್ನು ಇಟ್ಟುಕೊಳ್ಳುವುದು, ನೋಂದಣಿ ನವೀಕರಿಸುವುದು. ಮುಂದೆ ಇಂತಹದೇ ದೊಡ್ಡ ಖರ್ಚು ಬಂದರೆ ದೋಷವನ್ನು ಬಾಯಿಬಿಟ್ಟು ಹೇಳಿ ಮಾರುವುದು, ಅಥವಾ ಗುಜರಿಗೆ ಕೊಡುವುದು. ಹಳೆಯ ಕಾರನ್ನು ಇಟ್ಟುಕೊಂಡಿದ್ದೇವೆ ಎಂಬುದೂ ಇನ್ನೊಂದು ಬಗೆಯ ಪ್ರತಿಷ್ಠೆಯಾಗದಂತೆ ನೋಡಿಕೊಳ್ಳಬೇಕಲ್ಲ.

ಅಣ್ಣ ಇನ್ನೊಂದು ಪ್ರಶ್ನೆ ಕೇಳಿದರು: “ಕಾರಿಗೆ ಝಕಾತ್ ಇಲ್ಲವಲ್ಲ, ಹಾಗಾದರೆ ಕಾರಿಗೆಂದು ಕೂಡಿಟ್ಟ ಹಣಕ್ಕೂ ಇಲ್ಲ ತಾನೇ?” ಇಂತಹ ತಪ್ಪುಗ್ರಹಿಕೆ ಅನೇಕರಲ್ಲಿದೆ. ಸ್ವಂತ ಬಳಕೆಯ ವಾಹನಕ್ಕೆ ಝಕಾತ್ ಇಲ್ಲ, ನಿಜ. ಆದರೆ ಅದನ್ನು ಕೊಳ್ಳಲೆಂದು ಕೂಡಿಟ್ಟ ಹಣ ನಿಸಾಬ್ ಮೀರಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಶೇ. 2.5ರಷ್ಟು ಝಕಾತ್ ಕಡ್ಡಾಯ. ರಜಬ್‌ನಲ್ಲಿ ವರ್ಷ ತುಂಬಿದ್ದ ಆ 14 ಲಕ್ಷಕ್ಕೆ 35,000 ರೂಪಾಯಿ. ಅಣ್ಣ ಅದನ್ನು ಅಂದೇ ಬೇರೆ ತೆಗೆದಿಟ್ಟರು. ಉಳಿದುದರಲ್ಲಿ ಮಗಳ ನಿಕಾಹ್‌ನ ಖರ್ಚು ಕಳೆದು, ಕೆಲಸವಿಲ್ಲದ ಹಮಾಲರ ಮನೆಗಳಿಗೆ ಮುಂದಿನ ಸುಗ್ಗಿಯವರೆಗೆ ಬಡ್ಡಿಯಿಲ್ಲದ ಕೈಸಾಲ ಕೊಡುವುದೆಂದೂ ನಿಶ್ಚಯಿಸಿದರು. ಮಗಳು ಅದೇ ಕಾರಿನಲ್ಲಿ ಗಂಡನ ಮನೆಗೆ ಹೋಗುತ್ತಾಳೆ. ಅವಳ ಅಣ್ಣನ ಮುಖ ಎರಡು ದಿನ ಸಪ್ಪಗಿತ್ತು. ಮೂರನೆಯ ದಿನ ಅವನೇ ಕಾರನ್ನು ಹುಬ್ಬಳ್ಳಿಗೆ ಸಾಗಿಸುವ ಲಾರಿ ಗೊತ್ತು ಮಾಡಿ, “ಚಾಚಾ, ಆ ಸೀಟಿನ ಕಲೆಯ ಮೇಲೆ ಕವರ್ ಹಾಕಿಸಬೇಡವಂತೆ, ಅಬ್ಬಾ ಹೇಳಿದರು” ಎಂದು ತಿಳಿಸಿದ.

ಪ್ರತಿ ಮನೆಯ ಲೆಕ್ಕ ಬೇರೆ. ಬಡ್ಡಿಯಿಲ್ಲದೆ, ಯಾರ ಹಕ್ಕನ್ನೂ ಕಡಿಮೆ ಮಾಡದೆ ಹೊಸ ಕಾರು ಕೊಳ್ಳಬಲ್ಲವರು ಕೊಳ್ಳಲಿ. ಅದು ಅಲ್ಲಾಹನ ಅನುಗ್ರಹ. ಕೊಳ್ಳುವ ಮೊದಲು ಮೂರು ಮಾತುಗಳನ್ನು ಮನೆಯವರೆಲ್ಲ ಕೂತು ಕೇಳಿಕೊಳ್ಳಲಿ: ಹೊಸದನ್ನು ತರಲು ಯಾವ ಹರಾಮ್ ಅನ್ನು ಮುಟ್ಟಬೇಕಾಗುತ್ತದೆ? ಹಳೆಯದನ್ನು ಕೊಡಲು ಯಾವ ಸತ್ಯವನ್ನು ಮುಚ್ಚಬೇಕಾಗುತ್ತದೆ? ಬಂದ ಕಾರಿನ ಬಾಗಿಲು ಯಾರಿಗೆ ತೆರೆಯುತ್ತದೆ? ಸೂರಃ ಅತ್ತಕಾಸುರ್ ತಿಳಿಸುವಂತೆ ಅನುಗ್ರಹಗಳ ಕುರಿತು ಖಂಡಿತ ವಿಚಾರಣೆಯಿದೆ.

ಕಾರಿಗೆ ಹೊಸ ಘಟಕ ಬಂದಿದೆ. ಅದರ ಎಣಿಕೆ ಸೊನ್ನೆಯಿಂದ ಆರಂಭವಾಗಿದೆ. ನಮ್ಮ ಎಣಿಕೆ ಮಾತ್ರ ಮುಂದುವರಿಯುತ್ತಲೇ ಇದೆ. ಅದು ಮುಗಿಯುವ ಮುನ್ನ ನಮ್ಮ ಸಂಪಾದನೆಯನ್ನೂ ಸವಾರಿಯನ್ನೂ ಅಲ್ಲಾಹನು ಶುದ್ಧವಾಗಿರಿಸಲಿ. ಆಮೀನ್.